ಅಕ್ಕ ಬಿಟ್ಟ ಉಪ್ಪು

ನನ್ನ ಅಕ್ಕನಿಗೆ ಉಪ್ಪೇ ಔಷಧಿ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ಅದರಲ್ಲೂ ನಾನು ಹೇಳಿದರೆ. ಏಕೆಂದರೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ದಿನವಿಡೀ ಜನರ ತಟ್ಟೆಯಿಂದ ಉಪ್ಪು ಕಸಿಯುವುದೇ ನನ್ನ ಉದ್ಯೋಗ. ಮೂತ್ರಪಿಂಡ ಕೆಟ್ಟವರು, ಡಯಾಲಿಸಿಸ್‌ಗೆ ಬರುವವರು, ಮುಖ ಕಾಲು ಬಾತವರು ನನ್ನ ವಾರ್ಡಿನಲ್ಲಿರುತ್ತಾರೆ. ಅವರ ಮನೆಯವರು ತರುವ ಡಬ್ಬಿ ಬಿಚ್ಚಿ ನೋಡಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎತ್ತಿಡುತ್ತೇನೆ. "ಸಿಸ್ಟರ್ ಬಂದ್ರು, ಮುಚ್ಚರಿ ಮುಚ್ಚರಿ" ಎಂದು ಪಿಸುಗುಟ್ಟುವುದು ನನಗೂ ಕೇಳಿಸುತ್ತದೆ. ನನ್ನ ಬಾಯಿ ಸ್ವಲ್ಪ ಜೋರು ಎಂಬುದು ವಾರ್ಡಿಗೆಲ್ಲ ಗೊತ್ತು. ಅಂಥವಳು ಊಟದ ಬಿಡುವಿನಲ್ಲಿ ಫೋನ್ ಹಚ್ಚಿ, "ಅಕ್ಕಾ, ಮಜ್ಜಿಗಿಗೆ ಇನ್ನೊಂದ ಚಿಟಿಕಿ ಉಪ್ಪ ಹಾಕ್ಕೋ" ಎನ್ನುತ್ತೇನೆ.

ಅಕ್ಕನ ಮನೆ ಖಾನಾಪುರದಲ್ಲಿ. ಮನೆಯಲ್ಲಿ ಮೂವರು: ಅಕ್ಕ, ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳ ಗಂಡ, ಮತ್ತು ಅವರ ತಾಯಿ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ; ಅವರ ತಾಯಿಯನ್ನು ಅಕ್ಕ ಕರೆಯುವ ಹಾಗೆಯೇ ಅತ್ತಿ ಎಂದು ಕರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಅಕ್ಕ ಕಪ್ಪಗಾಗತೊಡಗಿದಳು. ಬಿಸಿಲಿಗೆ ಹಾಗಾಗಿದೆ ಅಂದರು. ಆದರೆ ಅಂಗೈ ಗೆರೆಗಳೂ ವಸಡುಗಳೂ ಬಿಸಿಲಿಗೆ ಕಪ್ಪಾಗುವುದಿಲ್ಲವಲ್ಲ! ತೂಕ ಇಳಿಯಿತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಹರಳುಪ್ಪು ಬಾಯಿಗೆ ಹಾಕಿಕೊಂಡು ಚೀಪುತ್ತಿದ್ದಳು. ಬಯಕೆ ಇರಬಹುದೆಂದು ಅತ್ತಿ ಒಳಗೊಳಗೇ ಖುಷಿಪಟ್ಟಿದ್ದರಂತೆ.

ಅದು ಬಯಕೆ ಆಗಿರಲಿಲ್ಲ. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಎರಡು ಸಣ್ಣ ಗ್ರಂಥಿಗಳಿವೆ. ಹಿಂದೆಂದೋ ಬಂದುಹೋದ ಕ್ಷಯದಿಂದ ಅಕ್ಕನ ಆ ಎರಡೂ ಗ್ರಂಥಿಗಳು ಒಣಗಿಹೋಗಿದ್ದವು. ಮೈಯಲ್ಲಿ ಉಪ್ಪನ್ನು ಹಿಡಿದಿಡುವ ರಸ ಅಲ್ಲಿಂದ ಬರುತ್ತದೆ. ಅದು ನಿಂತರೆ ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತದೆ, ರಕ್ತದೊತ್ತಡ ಬೀಳುತ್ತದೆ, ಪೊಟ್ಯಾಷಿಯಂ ಮಾತ್ರ ರಕ್ತದಲ್ಲೇ ಉಳಿದು ಏರುತ್ತದೆ. ಏರುತ್ತ ಹೋದರೆ ಹೃದಯ ಹೇಳದೆ ಕೇಳದೆ ನಿಂತುಬಿಡಬಹುದು. ಗುಳಿಗೆ ಇದೆ. ಜೀವಮಾನ ಪೂರ್ತಿ ನುಂಗಬೇಕು, ಜೊತೆಗೆ ಉಪ್ಪು ಧಾರಾಳ ತಿನ್ನಬೇಕು. ಇಷ್ಟು ಮಾಡಿದರೆ ಎಲ್ಲರಂತೆ ಬದುಕಬಹುದು.

ಈ "ಇಷ್ಟು ಮಾಡಿದರೆ" ಎಂಬುದನ್ನು ನಾನು ಆ ಮನೆಗೆ ಕಂಠಪಾಠ ಮಾಡಿಸಿದೆ. ಜ್ವರ ಬಂದರೆ ಗುಳಿಗೆ ದುಪ್ಪಟ್ಟು. ವಾಂತಿಯಾದರೆ ಗುಳಿಗೆ ನಂಬಿ ಕೂಡಬಾರದು, ಫ್ರಿಜ್ ಪಕ್ಕದ ಡಬ್ಬಿಯಲ್ಲಿರುವ ಇಂಜೆಕ್ಷನ್ ತೆಗೆದುಕೊಂಡು ಸರ್ಕಾರಿ ದವಾಖಾನೆಗೆ ಓಡಬೇಕು. ಹೋದಾಗಲೆಲ್ಲ ಮಾಮಾ ಅವರನ್ನು ಶಾಲೆ ಹುಡುಗನಂತೆ ನಿಲ್ಲಿಸಿ ಕೇಳುತ್ತಿದ್ದೆ. "ನಿನ್ನ ತಂಗಿ ಬರ್ತಾಳಂದ್ರ ಪರೀಕ್ಷಾ ಐತಿ ಅಂತ ಎದಿ ಹೊಡಕೋತೈತಿ ನೋಡು" ಎಂದು ಅವರು ಅಕ್ಕನಿಗೆ ಹೇಳುತ್ತಿದ್ದರು. ನಗಲಿ ಬಿಡಿ. ನನಗೆ ಇದ್ದದ್ದು ಅವಳೊಬ್ಬಳು. ಅವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ನರ್ಸಿಂಗ್ ಓದಿಸಿದವಳು ಅಕ್ಕ.

ಹಾಗಿರುವಾಗ ಒಂದು ಚಳಿಗಾಲ ನನ್ನ ಕುತ್ತಿಗೆಯಲ್ಲೇ ಒಂದು ಗಂಟು ಕಾಣಿಸಿಕೊಂಡಿತು. ನೀರು ಕುಡಿಯುವಾಗ ಅದು ಮೇಲೆ ಕೆಳಗೆ ಹೋಗುವುದನ್ನು ಜೊತೆಯ ಸಿಸ್ಟರ್ ನೋಡಿದಳು. ಥೈರಾಯ್ಡಿನ ಗಂಟು. ಬಹಳಷ್ಟು ಗಂಟುಗಳು ನಿರುಪದ್ರವಿ ಎಂದು ನಾನೇ ಎಷ್ಟು ಹೆಂಗಸರಿಗೆ ಧೈರ್ಯ ಹೇಳಿಲ್ಲ! ನನ್ನ ಕುತ್ತಿಗೆಗೆ ಬಂದಾಗ ಆ ಧೈರ್ಯ ಎಲ್ಲಿ ಹೋಯಿತೋ. ಸೂಜಿ ಚುಚ್ಚಿ ತೆಗೆದದ್ದರಲ್ಲಿ ಪರೀಕ್ಷೆಗೆ ಸಾಲುವಷ್ಟು ಜೀವಕೋಶ ಸಿಕ್ಕಿಲ್ಲ, ಕೆಲವು ತಿಂಗಳು ಬಿಟ್ಟು ಮತ್ತೆ ಚುಚ್ಚೋಣ ಎಂದರು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಆ ತಿಂಗಳುಗಳಲ್ಲಿ ರಾಮತೀರ್ಥ ನಗರದ ನನ್ನ ಬಾಡಿಗೆ ಕೋಣೆಯ ಕನ್ನಡಿ ಎದುರು ನಾನು ಎಷ್ಟು ಸಲ ಕತ್ತು ಎತ್ತಿ ನಿಂತಿದ್ದೆನೋ ಲೆಕ್ಕವಿಲ್ಲ.

ಅಕ್ಕನಿಗೆ ಮಾತ್ರ ಹೇಳಿದೆ. ಒಂದು ಭಾನುವಾರ ಖಾನಾಪುರಕ್ಕೆ ಹೋಗಿ, ಹಿತ್ತಲಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಹೇಳಿದೆ. ಅವಳ ಬೆರಳು ತಲೆಯಿಂದ ಇಳಿದು ಕುತ್ತಿಗೆಗೆ ಬಂತು, ಗಂಟಿನ ಮೇಲೆ ನಿಂತಿತು. "ಎಂದ ಗೊತ್ತಾಗತೈತಿ?" ಎಂದಳು. "ಇನ್ನೊಮ್ಮೆ ಚುಚ್ಚಿ ರಿಪೋರ್ಟ್ ಬಂದ ಮ್ಯಾಲ" ಎಂದೆ. ಕೈ ತೊಳೆದುಕೊಂಡು ದೇವರ ಜಗಲಿ ಮುಂದೆ ಹೋಗಿ ಕೂತವಳು ಬಹಳ ಹೊತ್ತು ಏಳಲಿಲ್ಲ. ನನ್ನ ಮನಸ್ಸು ಹಗುರವಾಗಿತ್ತು. ಸಂಜೆಯ ಬಸ್ಸಿನಲ್ಲಿ ಹಾಯಾಗಿ ನಿದ್ದೆ ಮಾಡಿಕೊಂಡು ಬೆಳಗಾವಿಗೆ ಬಂದೆ.

ಬೇಸಿಗೆ ಬಂತು. ಪ್ರತಿ ವರ್ಷದಂತೆ ಅಕ್ಕ ಸಂಡಿಗೆ ಮಾಡಿ ಮಾಮಾ ಕೈಯಲ್ಲಿ ಕಳಿಸಿದಳು. ಕರಿದು ಬಾಯಿಗಿಟ್ಟರೆ ಬರೀ ಉಪ್ಪು. ಅಕ್ಕನ ಕೈಯ ಸಂಡಿಗೆ ಎಂದೂ ಹಾಗಾಗಿರಲಿಲ್ಲ. ಹಿಟ್ಟು ಕುದಿಯುವಾಗ ಅಂಗೈ ಮೇಲೆ ಒಂದಿಷ್ಟು ಹಾಕಿಕೊಂಡು ನೆಕ್ಕಿ ನೋಡದೆ ಅವಳು ಒಲೆಯಿಂದ ಇಳಿಸುವವಳೇ ಅಲ್ಲ. "ಯಾರ ಮ್ಯಾಲ ಸಿಟ್ಟಿತ್ತು ಅಕ್ಕಾ? ಡಬ್ಬಿಗಟ್ಲೆ ಉಪ್ಪ ಸುರುವಿಯಲ್ಲ!" ಎಂದು ಫೋನಿನಲ್ಲಿ ಕಾಡಿಸಿದೆ. ಅವಳು ನಕ್ಕಳು. "ಕೈ ತಪ್ಪಿತು ಬಿಡ" ಎಂದಳು. ಧ್ವನಿ ಸಣ್ಣದಾಗಿತ್ತು. ಬಿಸಿಲಿಗೆ ದಣಿದಿದ್ದಾಳೆ ಅಂದುಕೊಂಡೆ. ಗುಳಿಗೆ ತಪ್ಪಿಸಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಅದು ನಿಜವೇ ಆಗಿತ್ತು.

ಆಮೇಲೆ ಸ್ವಲ್ಪ ದಿನಕ್ಕೆ, ಮಧ್ಯಾಹ್ನ ಡ್ಯೂಟಿಯಲ್ಲಿದ್ದಾಗ, ಮಾಮಾ ಅವರ ಫೋನ್ ಬಂತು.

"ಮುಂಜಾನಿಂದ ವಾಂತಿ ಮಾಡಕತ್ತಾಳ. ಗುಳಿಗಿನೂ ಹೊರಗ ಬಿತ್ತು. ಮಾತಾಡಿಸಿದ್ರ ಬರೇ ಹೂಂ ಅಂತಾಳ."

"ಡಬ್ಬ್ಯಾಗಿನ ಇಂಜೆಕ್ಷನ್ ತಗೋರಿ ಮಾಮಾ. ಮೊದಲ ದವಾಖಾನಿ, ಆಮ್ಯಾಲ ಆಂಬುಲೆನ್ಸ್. ಹೇಳಿ ಕೊಟ್ಟಿದ್ದು ನೆನಪೈತಿಲ್ಲೊ?"

"ಐತಿ. ಡಬ್ಬಿ ಕೈಯಾಗ ಐತಿ."

ಪರೀಕ್ಷೆಯಲ್ಲಿ ಮಾಮಾ ಪಾಸಾದರು. ದವಾಖಾನೆಯಲ್ಲಿ ಇಂಜೆಕ್ಷನ್ ಕೊಡಿಸಿ ಆಂಬುಲೆನ್ಸಿನಲ್ಲಿ ಹೊರಟೆವೆಂದು ಮತ್ತೆ ಫೋನ್ ಮಾಡಿದರು. ನಾನು ಆಸ್ಪತ್ರೆಯ ಗೇಟಿನಲ್ಲಿ ನಿಂತೆ. ಖಾನಾಪುರ ಬೆಳಗಾವಿಗೆ ದೂರವೇನಲ್ಲ. ನೂರಾರು ಸಲ ಆ ದಾರಿಯಲ್ಲಿ ಓಡಾಡಿದ್ದೇನೆ. ಆವತ್ತು ಮಾತ್ರ ಮನಸ್ಸಿನಲ್ಲಿ ದಾರಿ ಮುಗಿಯಲೇ ಇಲ್ಲ. ಈಗ ಮಚ್ಛೆ ಬಂದಿರಬೇಕು, ಈಗ ಪೀರನವಾಡಿ, ಈಗ ಉದ್ಯಮಬಾಗದಲ್ಲಿ ಕಾರ್ಖಾನೆಯ ಪಾಳಿ ಬಿಡುವ ಹೊತ್ತು, ಸ್ಕೂಟರುಗಳು ದಾರಿ ಬಿಡುತ್ತವೋ ಇಲ್ಲವೋ. ಬೇರೆಯವರ ಮನೆಯವರು ಹೀಗೆ ಗೇಟಿನಲ್ಲಿ ನಿಂತಾಗ "ಒಳಗ ಕುಂದರ್ರಿ, ದಾರಿ ಯಾಕ ಅಡ್ಡಗಟ್ಟೀರಿ" ಎಂದು ನಾನೇ ಗದರಿಸಿದ್ದೇನೆ. ಆವತ್ತು ನನ್ನನ್ನು ಯಾರೂ ಗದರಿಸಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸ್ಟ್ರೆಚರಿನ ಮೇಲೆ ಅಕ್ಕ ಇದ್ದೂ ಇಲ್ಲದಂತಿದ್ದಳು. ತುಟಿ ಒಣಗಿ ಕಪ್ಪಿಟ್ಟಿತ್ತು. ನಾಡಿ ಬೆರಳಿಗೆ ಸಿಕ್ಕಂತೆ ಮಾಡಿ ಜಾರುತ್ತಿತ್ತು. ಬಿಪಿ ಪಾತಾಳದಲ್ಲಿ, ಸಕ್ಕರೆ ಕಡಿಮೆ, ಸೋಡಿಯಂ ಬಿದ್ದಿದೆ, ಪೊಟ್ಯಾಷಿಯಂ ಏರಿದೆ. ಇಸಿಜಿ ಕಾಗದದ ಮೇಲೆ ಅಲೆಗಳ ತುದಿ ಚೂಪಾಗಿ ನಿಂತಿದೆ. ನನಗೆ ಆ ಚೂಪು ಗೊತ್ತು. ಡಯಾಲಿಸಿಸ್ ತಪ್ಪಿಸಿ ಬಂದ ರೋಗಿಗಳಲ್ಲಿ ನೋಡಿದ್ದೇನೆ, ಅವರಲ್ಲಿ ಕೆಲವರು ಉಳಿಯದ್ದನ್ನೂ ನೋಡಿದ್ದೇನೆ. ಡಾಕ್ಟರು ಹೇಳುವ ಮೊದಲೇ ಕೈ ಸಲೈನ್ ಬಾಟಲಿಗೆ ಹೋಯಿತು. "ನೀ ಬಾಜು ನಿಂದ್ರು, ಇವತ್ತ ನೀ ಸಿಸ್ಟರ್ ಅಲ್ಲ, ಆಕಿ ತಂಗಿ" ಎಂದು ನಮ್ಮ ಹಿರಿಯ ಸಿಸ್ಟರ್ ನನ್ನನ್ನು ಸರಿಸಿ ತಾವೇ ಸೂಜಿ ಹಾಕಿದರು. ಸಲೈನ್ ಜೋರಾಗಿ ಬಿಟ್ಟರು. ಒಣಗಿದ ಗ್ರಂಥಿ ಕೊಡಬೇಕಾದ ರಸವನ್ನು ಇಂಜೆಕ್ಷನ್ನಿನಲ್ಲಿ ಮತ್ತೆ ಕೊಟ್ಟರು, ಹೃದಯಕ್ಕೆ ಕಾವಲಾಗಿ ಕ್ಯಾಲ್ಸಿಯಂ ಕೊಟ್ಟರು. ನಾನು ಮಾನಿಟರ್ ನೋಡುತ್ತ ಅಕ್ಕನ ಪಾದ ಹಿಡಿದುಕೊಂಡು ನಿಂತೆ.

ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಡಾಕ್ಟರಿಗೆ ಒಂದು ಪ್ರಶ್ನೆ ಉಳಿದಿತ್ತು: ಜ್ವರ ಇಲ್ಲ, ಗುಳಿಗೆ ತಪ್ಪಿಲ್ಲ, ಹೀಗೇಕಾಯಿತು? ನಾನು ಮಾಮಾ ಮೇಲೆ ಹರಿಹಾಯ್ದೆ. ಅವರು ಪಾಪ, "ನಂಗೂ ತಿಳೀವಲ್ದು ನೋಡವಾ" ಎಂದು ಕೈ ಚೆಲ್ಲಿದರು. ಅತ್ತಿ ಸೆರಗು ಬಾಯಿಗೆ ಹಿಡಿದು ಗೋಡೆ ನೋಡುತ್ತಿದ್ದರು.

ಅಷ್ಟರಲ್ಲಿ ಅಕ್ಕ ಕೈ ಮಡಚಿದ್ದರಿಂದ ಸಲೈನ್ ನಿಂತಿತು. ಈ ಸಲ ನಾನೇ ಮುಂದಾದೆ. ಇನ್ನೊಂದು ಕೈಗೆ ಹೊಸ ಸೂಜಿ ಹಾಕಿ, ದಾರಿ ತೆರೆದಿದೆಯೋ ನೋಡಲು ಸಿರಿಂಜಿನಿಂದ ಒಂದಿಷ್ಟು ಸಲೈನ್ ಒತ್ತಿದೆ. ಹಾಗೆ ಬೇಗ ಒತ್ತಿದಾಗ ಕೆಲವರಿಗೆ ಬಾಯಲ್ಲಿ ಉಪ್ಪಿನ ರುಚಿ ಬರುತ್ತದೆ. ಅಕ್ಕ ಬೆಚ್ಚಿದಳು.

"ಬಾಯಾಗ ಉಪ್ಪ ಬಂತು. ಏನ ಹಾಕಿದಿ?"

"ಸಲೈನ್ ಅಕ್ಕಾ. ಉಪ್ಪಿನ ನೀರು. ನಿನಗ ಅದ ಬೇಕಾಗಿದ್ದು" ಎಂದು ಸಂತೋಷದಿಂದಲೇ ಹೇಳಿದೆ.

ಅವಳು ಉಗುಳಲು ನೋಡಿದಳು. ಬಾಯಲ್ಲಿ ಉಗುಳಿರಲಿಲ್ಲ. ಸೆರಗಿನಿಂದ ನಾಲಗೆ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ಕಣ್ಣಿಂದ ನೀರು ಇಳಿಯಿತು. ಅತ್ತಿ ಗೋಡೆಯಿಂದ ತಿರುಗಿ, "ಶಿವನೇ, ಹರಕಿ ಮುರೀತು" ಎಂದರು.

"ಯಾವ ಹರಕಿ?"

ನಾನು ವಾರ್ಡು ಎಂಬುದನ್ನೂ ಮರೆತು ಕೂಗಿದೆ. ಕೊನೆಗೆ ಅತ್ತಿಯೇ ಹೇಳಿದರು: "ಉಪ್ಪ ಬಿಟ್ಟಾಳವಾ. ನಿನ್ನ ಕುತ್ತಿಗಿ ರಿಪೋರ್ಟ್ ಚಲೋ ಬರೂತನಕ ಉಪ್ಪ ಮುಟ್ಟೂದಿಲ್ಲಂತ ಬೇಡ್ಕೊಂಡಾಳ. ಯಾರ ಸಲುವಾಗಿ ಬೇಡ್ಕೊಂಡೀವಿ, ಅವರಿಗೆ ಹೇಳಬಾರದು. ಅದಕ್ಕ ನಾನೂ ಸುಮ್ಮನಿದ್ದೆ. ಆಕಿಗೆ ಬ್ಯಾರೆ ಸಪ್ಪನ ಪಲ್ಯಾ ಮಾಡಿ ಇಡ್ತಿದ್ದೆ. ಗುಳಿಗಿ ತಗೋತಾಳಲ್ಲ, ಏನಾಗೂದೈತಿ ಅಂತ ತಿಳದೆ."

ನಮ್ಮ ಕಡೆ ಹರಕೆ ಹೊತ್ತವರು ತಮಗೆ ಬಲು ಇಷ್ಟವಾದದ್ದನ್ನು ಬಿಡುತ್ತಾರೆ. ಅಕ್ಕನಿಗೆ ಲೋಕದಲ್ಲಿ ಎಲ್ಲಕ್ಕಿಂತ ಇಷ್ಟ ಉಪ್ಪು. ರುಚಿ ನೋಡುವಂತಿಲ್ಲದೆ ಮಾಡಿದ ಸಂಡಿಗೆಯ ಉಪ್ಪು ಆಗ ನನ್ನ ಗಂಟಲಿಗೆ ಬಂತು. ಗುಳಿಗೆಯನ್ನು ಒಂದು ಹೊತ್ತೂ ತಪ್ಪಿಸದೆ, ಆ ಗುಳಿಗೆ ಕೆಲಸ ಮಾಡಲು ಬೇಕಾದ ಉಪ್ಪನ್ನೇ ಬಿಟ್ಟು, ಬಿಸಿಲಲ್ಲಿ ಬೆವರಿಳಿಸುತ್ತ ನನ್ನ ಸಲುವಾಗಿ ಸಂಡಿಗೆ ಹಾಕಿದ್ದಳು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಹೊಡೆದುಬಿಡಬೇಕು ಎನ್ನುವಷ್ಟು ಸಿಟ್ಟು.

ಅಷ್ಟರಲ್ಲಿ ಅಕ್ಕ ಸೂಜಿಗೆ ಕೈ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದೆ.

"ತಗಿ ಇದನ್ನ. ಹಾಕೂದಿದ್ರ ಸಕ್ಕರಿ ನೀರ ಹಾಕು."

"ಬರೇ ಸಕ್ಕರಿ ನೀರ ಹಾಕಿದ್ರ ರಕ್ತದಾಗಿನ ಉಪ್ಪ ಇನ್ನಷ್ಟು ತೆಳ್ಳಗಾಗತೈತಿ ಅಕ್ಕಾ. ಫಿಟ್ಸ್ ಬರತಾವು. ಸಾಯ್ತಿ."

"ರಿಪೋರ್ಟ್ ಬರ್ಲಿ. ಆಮ್ಯಾಲ ಎಷ್ಟರ ಹಾಕು."

ಡಾಕ್ಟರು ಬಂದು ಸಮಾಧಾನವಾಗಿ ತಿಳಿಸಿ ಹೇಳಿದರು. ಮಾಮಾ ಕೈಮುಗಿದರು. ಅವಳು ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿದಳು. ಅಕ್ಕನ ಹಟ ನನಗೆ ಗೊತ್ತು. ಅದೇ ಹಟದಿಂದ ನನ್ನನ್ನು ಓದಿಸಿದವಳು. ಬಾಟಲಿಗೆ ಬಟ್ಟೆ ಸುತ್ತಿ ಗ್ಲೂಕೋಸ್ ಎಂದುಬಿಡು ಎಂದು ಜೊತೆಯ ಸಿಸ್ಟರ್ ಕಿವಿಯಲ್ಲಿ ಹೇಳಿದಳು. ಆದರೆ ಅಕ್ಕನ ನಾಲಗೆಗೆ ಆಗಲೇ ಗೊತ್ತಾಗಿತ್ತು. ಮಾನಿಟರಿನಲ್ಲಿ ಅಲೆಗಳ ಚೂಪು ಇನ್ನೂ ಪೂರ್ತಿ ಇಳಿದಿರಲಿಲ್ಲ, ಬಿಪಿ ಮತ್ತೆ ಜಾರತೊಡಗಿತ್ತು. ಬಾಟಲಿ ತೂಗುತ್ತಿತ್ತು; ಬಿಟ್ಟರೆ ಸೂಜಿ ಕಿತ್ತುಕೊಂಡಾಳೆಂದು ತಡೆದಿದ್ದರಿಂದ ಹನಿ ಬೀಳುತ್ತಿರಲಿಲ್ಲ. ಇಷ್ಟು ವರ್ಷದ ನನ್ನ ವಿದ್ಯೆಯೆಲ್ಲ ಆ ನಿಂತ ಹನಿಯ ಮುಂದೆ ಬಾಯಿ ಮುಚ್ಚಿಕೊಂಡಿತ್ತು.

ಆಗ ನನಗೆ ಏನು ತೋಚಿತೋ, ಅತ್ತಿಯ ಕಡೆ ತಿರುಗಿದೆ. "ಅತ್ತೀ, ಹರಕಿ ನನ್ನ ಸಲುವಾಗಿ ಹೌದಿಲ್ಲೊ? ಹಂಗಿದ್ರ ನಾನ ಹೊರ್ತೀನಿ. ಆಕಿ ಬಿಟ್ಟ ಉಪ್ಪ ಇವತ್ತಿಂದ ನಾ ಬಿಡ್ತೀನಿ. ನಡೀತೈತೇನು?"

ಅತ್ತಿ ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು. "ನಡೀತೈತಿ" ಎಂದರು. "ಯಾರ ಸಲುವಾಗಿ ಹಿಡದೈತಿ ಅವರ ಹೊತಗೊಂಡ್ರ ಮುರದಂಗ ಅಲ್ಲ. ನಮ್ಮ ತವರಮನ್ಯಾಗ ಹಿಂಗ ಮಾಡಿದ್ದ ನೋಡೀನಿ." ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಅಕ್ಕನ ಹಣೆಗೆ ಹಚ್ಚಿ, ಅದೇ ಬೆರಳಿನಿಂದ ನನ್ನ ಹಣೆಗೆ ಹಚ್ಚಿದರು. ತವರಿನಲ್ಲಿ ನಿಜವಾಗಿಯೂ ನೋಡಿದ್ದರೋ ಅಥವಾ ಆ ಕ್ಷಣದಲ್ಲಿ ಹುಟ್ಟಿಸಿದ ಮಾತೋ, ನಾನು ಇವತ್ತಿಗೂ ಕೇಳಿಲ್ಲ. ಅಕ್ಕ ಕಣ್ಣು ತೆರೆದು, "ನೀ ತಪ್ಪಿಸಬಾರದು" ಎಂದಳು. ತಪ್ಪಿಸುವುದಿಲ್ಲ ಎಂದೆ. ಅವಳ ಮಣಿಕಟ್ಟು ಸಡಿಲವಾಯಿತು. ನಾನು ಸಲೈನ್ ನಳಿಕೆಯ ಗಾಲಿ ತಿರುಗಿಸಿದೆ, ಹನಿ ಬೀಳತೊಡಗಿತು.

ಅಕ್ಕ ಸುಧಾರಿಸಿಕೊಂಡು ಖಾನಾಪುರಕ್ಕೆ ಹೋದಳು. ನಾನು ಉಪ್ಪು ಬಿಟ್ಟು ಬೆಳಗಾವಿಯಲ್ಲಿ ಉಳಿದೆ. ನನಗೆ ದೇವರಲ್ಲಿ ಅಂಥ ನಂಬಿಕೆಯೇನಿಲ್ಲ. ಕ್ಯಾಂಟೀನಿನಲ್ಲಿ ಕದ್ದು ತಿಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಿನ್ನಲು ಧೈರ್ಯ ಬರಲಿಲ್ಲ. ರೊಟ್ಟಿ ಮೊಸರಿನಲ್ಲಿ ದಿನ ತಳ್ಳಿದೆ. ಉಪ್ಪಿನಕಾಯಿ ಕಸಿಯಲು ಹೋದಾಗ ಒಬ್ಬ ಅಜ್ಜ, "ನೀವೊಮ್ಮಿ ಸಪ್ಪನ್ನ ಉಂಡ ನೋಡ್ರಿ ಸಿಸ್ಟರ್" ಎಂದರು. "ಉಣ್ಣಾಕತ್ತೀನ್ರಿ ಅಜ್ಜಾರ" ಎಂದೆ. ಅವರು ನಂಬಲಿಲ್ಲ.

ಸಪ್ಪೆ ಊಟದ ನಿಜವಾದ ಕಷ್ಟ ರುಚಿಯದ್ದಲ್ಲ. ಅದು ಮರೆಯಲು ಬಿಡುವುದಿಲ್ಲ. ಪ್ರತಿ ತುತ್ತೂ ಯಾಕೆ ಸಪ್ಪೆ ಎಂದು ನೆನಪಿಸುತ್ತದೆ, ಬಾಯಿಗಿಟ್ಟಾಗಲೆಲ್ಲ ಕೈ ಕುತ್ತಿಗೆಗೆ ಹೋಗುತ್ತದೆ. ಅಕ್ಕ ಅಷ್ಟು ದಿನ ಪ್ರತಿ ತುತ್ತಿಗೂ ನನ್ನನ್ನು ನೆನೆಸಿಕೊಂಡೇ ನುಂಗಿದ್ದಳು. ನಾನು ಆಗೆಲ್ಲ ಕನ್ನಡಿ ಮುಂದೆ ನಿಂತು ನನ್ನೊಬ್ಬಳನ್ನೇ ನೋಡಿಕೊಳ್ಳುತ್ತಿದ್ದೆ.

ಮತ್ತೆ ಸೂಜಿ ಚುಚ್ಚಿದರು. ರಿಪೋರ್ಟಿಗೆ ಕಾದ ದಿನಗಳಲ್ಲಿ ನನಗೆ ಒಂದು ವಿಚಿತ್ರ ಭಯ ಹತ್ತಿತು: ನಾನು ಸಲೈನ್ ಒತ್ತಿದಾಗ ಹರಕೆ ನಿಜವಾಗಿಯೂ ಮುರಿದಿದ್ದರೆ? ಇಂಥದ್ದಕ್ಕೆಲ್ಲ ನಗುತ್ತಿದ್ದವಳು ನಾನು. ಆದರೂ ಲಕೋಟೆ ಬಿಚ್ಚುವ ಮೊದಲು ಅತ್ತಿ ವಿಭೂತಿ ಹಚ್ಚಿದ್ದ ಹಣೆಯನ್ನು ಮುಟ್ಟಿಕೊಂಡೆ. ಕ್ಯಾನ್ಸರ್ ಅಲ್ಲ. ಆರೇಳು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಕಣ್ಣಿಡಬೇಕು, ಅಷ್ಟೇ.

ಮರುದಿನವೇ ಖಾನಾಪುರಕ್ಕೆ ಹೋದೆ. ಅಕ್ಕ ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತನ್ನು ತಾನೇ ನನ್ನ ಬಾಯಿಗಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. "ಉಪ್ಪ ಜಾಸ್ತಿ ಆತೇನ?" ಎಂದು ಗಾಬರಿಯಾದಳು. ಮಾಮಾ ನಕ್ಕರು, ನಾನೂ ನಕ್ಕೆ. ಊಟವಾದ ಮೇಲೆ ಅವಳ ಎರಡೂ ಕೈ ಹಿಡಿದು ಹೇಳಿದೆ:

"ಇನ್ನ ಮ್ಯಾಲ ಹರಕಿ ಹೊರೂದಿದ್ರ ಸಕ್ಕರಿ ಬಿಡು. ಚಹಾ ಬಿಡು. ಉಪ್ಪ ಮಾತ್ರ ಬ್ಯಾಡ. ನನ್ನ ಆಣಿ ಮಾಡು."

ಅಕ್ಕ ಆಣೆ ಮಾಡಲಿಲ್ಲ. "ಸಕ್ಕರಿ ನನಗ ಮೊದಲ ಸೇರೂದಿಲ್ಲ. ಸೇರಲಾರದ್ದು ಬಿಟ್ರ ಅದೇನ ಹರಕಿ?" ಎಂದು ತಾಟು ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ನನ್ನ ಎದೆಯಲ್ಲಿ ಒಂದು ಮುಳ್ಳು ಉಳಿದುಬಿಟ್ಟಿದೆ. ಅವಳು ಮತ್ತೆ ಬಿಡುತ್ತಾಳೆ. ನನಗೆ ಏನೇ ಆದರೂ, ಆದೀತು ಎನಿಸಿದರೂ, ಬಿಡುತ್ತಾಳೆ. ಬರುವ ವಾರ ನನ್ನ ಸ್ಕ್ಯಾನ್ ಇದೆ. ಈ ಸಲ ಗಂಟು ಸ್ವಲ್ಪ ದೊಡ್ಡದಾದ ಹಾಗಿದೆ. ನನ್ನ ಭ್ರಮೆಯೂ ಇರಬಹುದು. ಅಕ್ಕನಿಗೆ ಹೇಳಿಲ್ಲ.

ನಿನ್ನೆ ಊಟದ ಬಿಡುವಿನಲ್ಲಿ ಫೋನ್ ಮಾಡಿದೆ.

"ಇವತ್ತ ಏನ ಪಲ್ಯಾ ಅಕ್ಕಾ?"

"ಹೀರಿಕಾಯಿ."

"ಉಪ್ಪ ಬರೋಬ್ಬರಿ ಐತಿ?"

"ಬರೋಬ್ಬರಿ ಐತಿ." ತಾಟು ಸರಿಸಿದ ಸಪ್ಪಳ ಕೇಳಿಸಿತು. "ನಿನ್ನ ಕುತ್ತಿಗಿ ಹೆಂಗೈತಿ?"

"ಬರೋಬ್ಬರಿ ಐತಿ" ಎಂದೆ.